ಅಲರ್ಜಿಯೂ ಇದೆ, ತೂಕವೂ ಇಳಿಯಬೇಕು: ಬಿಟ್ಟದ್ದರ ಜಾಗಕ್ಕೆ ಏನು?

ಇನ್ಸುಲಿನ್ ಪ್ರತಿರೋಧ ಎಂದರೇನು?
ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವ ಹಾರ್ಮೋನು ಇನ್ಸುಲಿನ್. ಹೊಟ್ಟೆಯ ಸುತ್ತ ಮತ್ತು ಲಿವರ್‌ನಲ್ಲಿ ಕೊಬ್ಬು ಸೇರಿದಾಗ ಅದರ ಕೆಲಸ ಸರಿಯಾಗಿ ನಡೆಯುವುದಿಲ್ಲ. ನಮ್ಮವರಲ್ಲಿ ಇದು ಕಡಿಮೆ ತೂಕದಲ್ಲೇ ಶುರುವಾಗುತ್ತದೆ. ಆದ್ದರಿಂದಲೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಏಷ್ಯಾ ಮೂಲದವರಿಗೆ ಬಿಎಂಐ 25ರ ಬದಲು 23ಕ್ಕೇ ಪರೀಕ್ಷೆ ಯೋಚಿಸಿ ಎನ್ನುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಲಿ.

ಅಲರ್ಜಿ ಇದ್ದವರ ತೊಡಕು
ಗೋಧಿ, ಹಾಲು, ಶೇಂಗಾ, ಗೋಡಂಬಿ, ಎಳ್ಳು ಬಿಟ್ಟವರ ತಟ್ಟೆ ನೋಡಿ. ಚಪಾತಿಯ ಜಾಗಕ್ಕೆ ಅನ್ನ, ಮೊಸರಿನ ಜಾಗಕ್ಕೆ ಇನ್ನೊಂದು ಸೌಟು ಅನ್ನ, ಬಾದಾಮಿಯ ಜಾಗಕ್ಕೆ ಚಿಪ್ಸ್. ಅಲರ್ಜಿ ದೂರವಾಯಿತು, ಸಕ್ಕರೆ ಹತ್ತಿರವಾಯಿತು. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ‘ಗ್ಲುಟೆನ್ ಫ್ರೀ’ ಬಿಸ್ಕತ್ತು, ಬ್ರೆಡ್ಡುಗಳಲ್ಲಿ ಹೆಚ್ಚಾಗಿ ಇರುವುದು ಅಕ್ಕಿಹಿಟ್ಟು, ಸಾಬಕ್ಕಿ ಹಿಟ್ಟು. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಆದರೆ ಪಿಷ್ಟ ಇದ್ದೇ ಇದೆ, ಮುದ್ದೆಯೂ ಅಳತೆಯಲ್ಲಿರಲಿ.

ಸೂತ್ರ ಒಂದೇ: ಪ್ರೋಟೀನ್ ಬಿಟ್ಟರೆ ಅದರ ಜಾಗಕ್ಕೆ ಪ್ರೋಟೀನೇ ಬರಲಿ.

ತಟ್ಟೆ ಹೀಗಿರಲಿ
• ಅರ್ಧ: ಪಲ್ಯ, ಸೊಪ್ಪು, ಸೌತೆಕಾಯಿ.
• ಕಾಲು ಭಾಗ: ಗಟ್ಟಿ ಬೇಳೆ, ಹೆಸರುಕಾಳು, ಹುರುಳಿ, ಅಲಸಂದೆ. ತಿಳಿಸಾರಿನಲ್ಲಿ ಬೇಳೆ ತೀರಾ ಕಡಿಮೆ; ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಶೇಂಗಾ ಅಲರ್ಜಿಯವರಲ್ಲಿ ಕೆಲವರಿಗೆ ಬೇರೆ ಕಾಳುಗಳೂ ಆಗುವುದಿಲ್ಲ. ಹೊಸ ಕಾಳು ತಿನ್ನುವ ಮುನ್ನ ವೈದ್ಯರನ್ನು ಕೇಳಿ.
• ಕಾಲು ಭಾಗ: ಅನ್ನ ಅಥವಾ ಮುದ್ದೆ, ಎರಡೂ ಅಲ್ಲ.

ಲೇಬಲ್ ಮತ್ತು ಪ್ರಸಾದ
ಅಮೆರಿಕದ ಕಾನೂನಿನಂತೆ ಒಂಬತ್ತು ಪ್ರಮುಖ ಅಲರ್ಜಿ ಪದಾರ್ಥಗಳನ್ನು ಲೇಬಲ್‌ನಲ್ಲಿ ಹೇಳಲೇಬೇಕು. ಎಳ್ಳು ಸೇರಿದ್ದು 2023ರ ಜನವರಿಯಿಂದ. ಸಾಸಿವೆ, ಕಡಲೆ ಆ ಪಟ್ಟಿಯಲ್ಲಿಲ್ಲ, ಪೂರ್ತಿ ಓದಿ. ಪುಡಿ ಇಂಗಿನಲ್ಲಿ ಹಲವು ಬಾರಿ ಗೋಧಿಹಿಟ್ಟು ಇರುತ್ತದೆ. ಪ್ರಸಾದಕ್ಕೆ ಲೇಬಲ್ ಇಲ್ಲ. ಪುಳಿಯೋಗರೆಯಲ್ಲಿ ಶೇಂಗಾ, ಎಳ್ಳು ಇವೆಯೇ ಎಂದು ಅಡುಗೆಯವರನ್ನು ಕೇಳಿ. ಸಂಶಯವಿದ್ದರೆ ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಡಿ. ದೇವರು ಬೇಸರಿಸುವುದಿಲ್ಲ.

ವರ್ಜೀನಿಯಾ, ಕ್ಯಾರೊಲಿನಾ, ಜಾರ್ಜಿಯಾಗಳಲ್ಲಿ ‘ಲೋನ್ ಸ್ಟಾರ್’ ಎಂಬ ಉಣ್ಣಿ ಕಚ್ಚಿದ ಮೇಲೆ ಕೆಲವರಿಗೆ ಮಾಂಸ ಆಗುವುದಿಲ್ಲ. ಅವರಲ್ಲಿ ಕೆಲವರಿಗೆ ಹಾಲು, ಜೆಲಾಟಿನ್ ಕ್ಯಾಪ್ಸೂಲ್ ಕೂಡ. ತಿಂದು ಎರಡರಿಂದ ಆರು ಗಂಟೆಯ ನಂತರ ದದ್ದು ಎದ್ದರೆ ವೈದ್ಯರಿಗೆ ಹೇಳಿ.

ಗುರಿ ಎಷ್ಟು?
ಡಯಾಬಿಟಿಸ್ ಅಂಚಿನಲ್ಲಿದ್ದವರ ಮೇಲೆ ಇದೇ ದೇಶದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಗುರಿ ಶೇ. 7 ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಆ ಗುಂಪಿನಲ್ಲಿ ಡಯಾಬಿಟಿಸ್ ಶೇ. 58ರಷ್ಟು ಕಡಿಮೆಯಾಯಿತು. 180 ಪೌಂಡ್ ಇರುವವರಿಗೆ ಇದು ಸುಮಾರು 13 ಪೌಂಡ್, ಅಷ್ಟೇ.

ಎಚ್ಚರಿಕೆ
1. ಐಜಿಜಿ ಪರೀಕ್ಷೆಯ ಪಟ್ಟಿ ನೋಡಿ ಆಹಾರ ಬಿಡಬೇಡಿ. ಅದು ಅಲರ್ಜಿಯನ್ನು ಪತ್ತೆ ಮಾಡುವುದಿಲ್ಲ. ಅಲರ್ಜಿ ತಜ್ಞರಿಂದ ಖಚಿತಪಡಿಸಿಕೊಳ್ಳಿ. ಪಟ್ಟಿ ಚಿಕ್ಕದಾದಷ್ಟೂ ತೂಕ ಇಳಿಸುವುದು ಸುಲಭ.
2. ಇನ್ಸುಲಿನ್, ಗ್ಲಿಪಿಜೈಡ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏಕಾದಶಿ ಉಪವಾಸ ಮಾಡಬೇಡಿ, ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಬೇಡಿ; ಸಕ್ಕರೆ ತೀರಾ ಇಳಿಯಬಹುದು.
3. ಉಸಿರು ಕಟ್ಟಿದರೆ, ಗಂಟಲು ಊದಿಕೊಂಡರೆ ಮೊದಲು ಎಪಿನೆಫ್ರಿನ್ ಚುಚ್ಚುಮದ್ದು, ಕೂಡಲೇ 911. ಚುಚ್ಚುಮದ್ದು ಕಾರಿನಲ್ಲಲ್ಲ, ಕೈಚೀಲದಲ್ಲಿರಲಿ.