ಲೆಕ್ಕ ಒಂದೇ ಕಡೆ ಇರಲಿ

ಸಿರುಗುಪ್ಪ ಸೀಮೆಯಲ್ಲಿ ಭತ್ತದ ಕೊಯ್ಲು ಬಂತೆಂದರೆ ಲೆಕ್ಕಗಳ ಸುಗ್ಗಿಯೂ ಹೌದು: ಕೊಯ್ಲು ಯಂತ್ರದ ಗಂಟೆ, ಹಮಾಲಿ, ಲಾರಿ ಬಾಡಿಗೆ, ರೈಸ್‌ಮಿಲ್ಲಿಗೆ ಹೋದ ಚೀಲ. ಅಣ್ಣನ ಡೈರಿಯಲ್ಲಿ ಒಂದು, ತಮ್ಮನ ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದು ಇದ್ದರೆ ಜಗಳ ತಪ್ಪಿದ್ದಲ್ಲ. ಇದಕ್ಕೆ ಗೂಗಲ್ ಶೀಟ್ಸ್ ಎಂಬ ಆನ್‌ಲೈನ್ ಲೆಕ್ಕದ ಹಾಳೆ ಸಾಕು. ಜಿಮೇಲ್ ಖಾತೆಯಿದ್ದರೆ ದುಡ್ಡು ಕೊಡಬೇಕಿಲ್ಲ. 15 ಜಿಬಿ ಜಾಗ ಸಿಗುತ್ತದೆ. ಮೇಲ್, ಫೋಟೊ, ಕಡತ ಮೂರಕ್ಕೂ ಸೇರಿ ಅಷ್ಟೇ ಎಂಬುದು ನೆನಪಿರಲಿ.

ಮೊದಲು ಒಂದೇ ಹಾಳೆ ತೆರೆಯಿರಿ. ದಿನಾಂಕ, ವಿವರ, ಚೀಲ, ತೂಕ, ಹಣ ಎಂದು ಐದು ಕಾಲಂ ಹಾಕಿ. ಹಂಚುವಾಗ ಬರೆಯುವವರಿಗೆ ಮಾತ್ರ ‘ಎಡಿಟರ್’ ಹಕ್ಕು ಕೊಡಿ. ಉಳಿದವರು ‘ವ್ಯೂವರ್’ ಆಗಿರಲಿ. ಲಿಂಕ್ ಸಿಕ್ಕವರೆಲ್ಲ ನೋಡಬಹುದಾದ ಆಯ್ಕೆ ಬೇಡ; ಲಿಂಕ್ ಯಾವ ಗುಂಪಿಗೆ ಹೋಗಿ ಬೀಳುತ್ತದೋ ಹೇಳಲಾಗದು. ಯಾರೋ ಅಂಕಿ ಅಳಿಸಿದರೆ ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿ ‘ವರ್ಷನ್ ಹಿಸ್ಟರಿ’ ತೆರೆದರೆ ಯಾರು, ಯಾವಾಗ ತಿದ್ದಿದರೆಂದು ಗೊತ್ತಾಗುತ್ತದೆ, ಹಳೆಯದನ್ನು ಮರಳಿ ತರಬಹುದು. ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮನೆಯಲ್ಲೇ ಹಾಳೆಯನ್ನು ‘ಆಫ್‌ಲೈನ್’ ಮಾಡಿಕೊಂಡು ಹೊರಡಿ.

ಪಾಸ್‌ವರ್ಡ್, ಎಟಿಎಂ ಪಿನ್, ಆಧಾರ್ ಸಂಖ್ಯೆ ಮಾತ್ರ ಅಲ್ಲಿ ಬರೆಯಬೇಡಿ. ತೂಕದ ಚೀಟಿಯ ಫೋಟೊ ತೆಗೆದಿಟ್ಟರೂ, ದುಡ್ಡು ಕೈಸೇರುವ ತನಕ ಅಸಲು ಚೀಟಿ ಜೋಪಾನವಾಗಿರಲಿ.