ಹೂವಿಗೆ ಅರ್ಧ ಗಂಟೆ, ಉಳಿದದ್ದು ಮರಗಳಿಗೆ

ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗ್‌ಗೆ ಹೊರಟಿದ್ದೀರಾ? ಕಾರು ಮನೆಯಲ್ಲೇ ಇರಲಿ. ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಪಶ್ಚಿಮ ದ್ವಾರದ ಹತ್ತಿರವೇ ಇಳಿಯಬಹುದು. ಭಾನುವಾರವೂ ಬೇಡ, ಆಗಸ್ಟ್ 15 ಅಂತೂ ಬೇಡವೇ ಬೇಡ. ವಾರದ ದಿನ ಬೆಳಗ್ಗೆಯೇ ಹೋದರೆ ಗಾಜಿನ ಮನೆಯೊಳಗೆ ಹೂವು ಕಂಡೀತು; ಸಂಜೆ ಕಾಣುವುದು ಮುಂದೆ ನಿಂತವರ ಬೆನ್ನು ಮಾತ್ರ. ಸೆಲ್ಫಿಗೆಂದು ಹಗ್ಗ ದಾಟಬೇಡಿ, ಅದರಾಚೆ ಇರುವುದು ಮಾಲಿಗಳ ತಿಂಗಳುಗಟ್ಟಲೆಯ ದುಡಿಮೆ.

ನನ್ನನ್ನು ಕೇಳಿದರೆ ಹೂವಿಗೆ ಅರ್ಧ ಗಂಟೆ ಸಾಕು. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಇಂದು 240 ಎಕರೆ. ಅಲ್ಲಿನ ಹಳೆಯ ಬಿಳಿ ಬೂರುಗವನ್ನು ಮಕ್ಕಳಿಗೆ ತಪ್ಪದೆ ತೋರಿಸಿ, ಆಳೆತ್ತರದ ಬೇರುಗಳು ಗೋಡೆಯಂತೆ ಎದ್ದಿವೆ. ಬಂಡೆ ಹತ್ತುವುದಾದರೆ ಚಪ್ಪಲಿ ಜೋಪಾನ: 300 ಕೋಟಿ ವರ್ಷದ ಕಲ್ಲಾದರೂ ಮಳೆ ಬಿದ್ದರೆ ಜಾರುತ್ತದೆ.