ಬಲದ ಅರ್ಧದಲ್ಲಿ ನಿಲ್ಲುವ ವಿವೇಕ: ಬಿಸಿಲಿನ ಓಟ ಕಲಿಸುವ ಪಾಠ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲೂಕುಗಳ ಊರೂರುಗಳಲ್ಲಿ ಇಂದು ಓಟದ ಅಭ್ಯಾಸ ಮಾಡುವ ತರುಣರನ್ನು ಕಾಣುತ್ತೇವೆ. ಪೊಲೀಸ್ ಇಲಾಖೆಯನ್ನೋ ಸೈನ್ಯವನ್ನೋ ಸೇರಬಯಸುವವರಿಗೆ 1,600 ಮೀಟರ್ ಓಟ ದಾಟಲೇಬೇಕಾದ ಹೊಸ್ತಿಲು. ದೀಪಾವಳಿಯ ನಂತರದ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿಯೂ ನಮ್ಮ ಹುಡುಗರು ಗಂಟೆಗಟ್ಟಲೆ ಓಡುತ್ತಾರೆ. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಹೊಲದ ಕೆಲಸ ಮುಗಿಸಿ, ಬಿಸಿಲೇರಿದ ಮೇಲೆ ಡಾಂಬರು ರಸ್ತೆಯಲ್ಲಿ ಓಡುವವರೂ ಇದ್ದಾರೆ. ಬೆವರು ಸುರಿದಷ್ಟೂ ಬಲ ಹೆಚ್ಚುತ್ತದೆ, ಕಣ್ಣು ಕತ್ತಲೆಗಟ್ಟಿದರೂ ನಿಲ್ಲದವನೇ ಗಂಡು ಎಂಬ ಭಾವನೆ ಅವರಲ್ಲಿ ಬೇರೂರಿದೆ. ಈ ಭಾವನೆ ಎಷ್ಟು ಅಪಾಯಕರ ಎಂಬುದನ್ನು ಶಾಸ್ತ್ರದ ಮತ್ತು ಇತಿಹಾಸದ ಬೆಳಕಿನಲ್ಲಿ ಇಲ್ಲಿ ವಿಚಾರ ಮಾಡೋಣ.

ಬೆಳಗಾವಿಯಿಂದ ಆಂಟ್‌ವರ್ಪ್‌ವರೆಗೆ

ದೂರದ ಓಟ ನಮ್ಮ ಸೀಮೆಗೆ ಹೊಸದಲ್ಲ. ಸವಣೂರು ನವಾಬರ ಸಂಸ್ಥಾನವಾಗಿದ್ದು, ಹಾನಗಲ್ಲ ಮೊದಲಾದ ಊರುಗಳೂ ಬೆಳಗಾವಿಯೂ ಮುಂಬಯಿ ಪ್ರಾಂತದಲ್ಲಿದ್ದ ಕಾಲ ಅದು. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಯುವಕರ ಸಾಮರ್ಥ್ಯವನ್ನು ಕಂಡು ಉದ್ಯಮಿ ದೋರಾಬ್ಜಿ ಟಾಟಾ ಬೆರಗಾದರು. ಅವರ ಪ್ರಯತ್ನದಿಂದ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ಪುಟ್ಟ ತಂಡವೊಂದು ತೆರಳಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರಿದ್ದರು. ಸುಮಾರು 42.75 ಕಿಲೋಮೀಟರ್ ದೂರದ ಮ್ಯಾರಥಾನನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯ ಸ್ಥಾನ ಪಡೆದರು. ನಮ್ಮ ಮಣ್ಣಿನ ಮಕ್ಕಳಿಗೆ ಓಡುವ ಶಕ್ತಿ ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ಕೂಟದಲ್ಲಿ ಗುಡ್ಡಗಾಡು ಓಟವೂ ಇತ್ತು. ಕ್ರಾಸ್ ಕಂಟ್ರಿ ಎಂದು ಕರೆಯುವ ಈ ಸ್ಪರ್ಧೆಯಲ್ಲಿ ಓಟಗಾರರು ಸಮತಟ್ಟಾದ ಮೈದಾನವನ್ನು ಬಿಟ್ಟು ಹೊಲ, ಹುಲ್ಲುಗಾವಲು, ಏರುತಗ್ಗುಗಳಲ್ಲಿ ಓಡಬೇಕು. ಒಲಿಂಪಿಕ್ಸ್‌ನಲ್ಲಿ 1912, 1920 ಮತ್ತು 1924ರಲ್ಲಿ ಮಾತ್ರ ಇದು ನಡೆಯಿತು. ಆಂಟ್‌ವರ್ಪ್‌ನಲ್ಲಿ ಇದನ್ನು ಗೆದ್ದವರು ಫಿನ್ಲೆಂಡಿನ ಪಾವೊ ನೂರ್ಮಿ.

ಪ್ಯಾರಿಸ್ಸಿನ ಆ ಮಧ್ಯಾಹ್ನ

ನಾಲ್ಕು ವರ್ಷಗಳ ನಂತರ, 1924ರ ಜುಲೈ 12ರಂದು, ಪ್ಯಾರಿಸ್ ಬಳಿಯ ಕೊಲೊಂಬ್‌ನಲ್ಲಿ ಈ ಓಟ ಮತ್ತೆ ನಡೆಯಿತು. ದೂರ ಹತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತೆಂದು ವರದಿಗಳು ಹೇಳುತ್ತವೆ. ಹಾದಿಯುದ್ದಕ್ಕೂ ಕಳೆ ಬೆಳೆದಿತ್ತು. ಹೊರಟವರು 38 ಮಂದಿ, ಗುರಿ ಮುಟ್ಟಿದವರು 15 ಮಂದಿ ಮಾತ್ರ. ಉಳಿದ 23 ಮಂದಿ ನಡುದಾರಿಯಲ್ಲಿಯೇ ಓಟ ಬಿಟ್ಟರು, ಇಲ್ಲವೇ ಕುಸಿದರು. ಸ್ವೀಡನ್ನಿನ ಹೆಸರಾಂತ ಓಟಗಾರ ಎಡ್ವಿನ್ ವಿಡೆ ಕೂಡ ಕುಸಿದವರಲ್ಲಿ ಒಬ್ಬರು. ಫಿನ್ಲೆಂಡಿನ ಹೈಕ್ಕಿ ಲೀಮಟೈನೆನ್ ಗುರಿಯ ಸಮೀಪಕ್ಕೆ ಬಂದು ದಿಕ್ಕು ತಪ್ಪಿದವರಂತೆ ನಿಂತುಬಿಟ್ಟರು. ಆಮೇಲೆ ಹೇಗೋ ಗುರಿ ದಾಟಿ 12ನೆಯವರಾದರು. ಗೆದ್ದವರು ಮತ್ತೆ ನೂರ್ಮಿಯೇ; ತೆಗೆದುಕೊಂಡ ಸಮಯ 32 ನಿಮಿಷ 54.8 ಸೆಕೆಂಡು. ಎರಡನೆಯವರಾದ ವಿಲ್ಲೆ ರಿತೋಲಾ ಅವರಿಗಿಂತ ಸುಮಾರು ಒಂದೂವರೆ ನಿಮಿಷ ಹಿಂದಿದ್ದರು. ಅಂದಿನಿಂದ ಒಲಿಂಪಿಕ್ಸ್‌ನಲ್ಲಿ ಗುಡ್ಡಗಾಡು ಓಟ ನಡೆದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಂದು ಕುಸಿದವರು ದುರ್ಬಲರಲ್ಲ, ತಮ್ಮ ತಮ್ಮ ದೇಶಗಳ ಆಯ್ದ ಓಟಗಾರರು. ಅವರನ್ನು ಸೋಲಿಸಿದ್ದು ಬಿಸಿಲು. ಗೆದ್ದ ನೂರ್ಮಿಯವರಾದರೋ ಕೈಯಲ್ಲಿ ಗಡಿಯಾರ ಹಿಡಿದು ವೇಗವನ್ನು ಅಳೆದು ಓಡುವ ಅಭ್ಯಾಸಕ್ಕೆ ಹೆಸರಾಗಿದ್ದವರು. ಅವರಿಗೆ ದಕ್ಕಿದ್ದು ಎಲ್ಲರಿಗೂ ದಕ್ಕುವುದೆಂದು ಎಣಿಸಲಾಗದು. 23 ಮಂದಿಗೆ ದಕ್ಕಲಿಲ್ಲವೆಂಬುದನ್ನು ಮರೆಯಲೂ ಆಗದು.

ದೇಹದೊಳಗೆ ನಡೆಯುವುದೇನು?

ಮಾಂಸಖಂಡಗಳು ದುಡಿಯುವಾಗ ವ್ಯಯವಾಗುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಹೊರಬರುತ್ತದೆ. ಈ ಶಾಖವನ್ನು ರಕ್ತವು ಚರ್ಮಕ್ಕೆ ಒಯ್ಯುತ್ತದೆ; ಬೆವರು ಆರಿದಾಗ ದೇಹ ತಣಿಯುತ್ತದೆ. ಕೇವಲ ಬೆವರಿದರೆ ಸಾಲದು, ಅದು ಆರಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಹನಿಯಾಗಿ ಸುರಿದುಹೋಗುತ್ತದೆ, ಮೈ ತಣಿಯುವುದಿಲ್ಲ. ಆದ್ದರಿಂದಲೇ ಮಳೆಗಾಲಕ್ಕೆ ಮುಂಚಿನ ಮೋಡ ಕವಿದ ಸೆಕೆಯ ದಿನಗಳಲ್ಲಿ, ವಿಶೇಷವಾಗಿ ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲ ಸೀಮೆಯಲ್ಲಿ, ಬಿಸಿಲು ಕಾಣದಿದ್ದರೂ ಎಚ್ಚರ ಬೇಕು. ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ಮೀರಿ, ಬುದ್ಧಿ ಮಂಕಾದರೆ ಅದು ಉಷ್ಣಾಘಾತ. ಆಗ ಮಿದುಳು, ಮೂತ್ರಪಿಂಡ, ಯಕೃತ್ತುಗಳಿಗೆ ಹಾನಿಯಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಬೆವರು ನಿಂತ ಮೇಲೆಯೇ ಉಷ್ಣಾಘಾತವೆಂದು ಕಾಯುವುದು ತಪ್ಪು. ಓಟಗಾರರಲ್ಲಿ ಬೆವರು ಸುರಿಯುತ್ತಿರುವಾಗಲೇ ಅದು ಸಂಭವಿಸಬಹುದು.

ಶಾಸ್ತ್ರದ ಅಳತೆಗೋಲು

ಆಯುರ್ವೇದವು ವ್ಯಾಯಾಮವನ್ನು ಹೊಗಳಿದೆ. ಮೈ ಹಗುರವಾಗುವುದು, ಕೆಲಸದಲ್ಲಿ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಕೊಬ್ಬು ಕರಗುವುದು ಇವು ಅದರ ಫಲಗಳು. ಆದರೆ ಅದಕ್ಕೊಂದು ಎಲ್ಲೆಯನ್ನೂ ಹಾಕಿದೆ. ಬಲವುಳ್ಳವರು, ಸ್ನಿಗ್ಧ ಆಹಾರ ಸೇವಿಸುವವರು, ಶೀತಕಾಲ ಮತ್ತು ವಸಂತದಲ್ಲಿ ತಮ್ಮ ಬಲದ ಅರ್ಧದಷ್ಟು ವ್ಯಾಯಾಮ ಮಾಡಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಮಿತವಾಗಿರಬೇಕು ಎಂಬುದು ವಾಗ್ಭಟರ ಅಭಿಪ್ರಾಯ. ಗ್ರೀಷ್ಮದಲ್ಲಿ ಸೂರ್ಯನು ದೇಹದ ಬಲವನ್ನು ಹೀರುವುದರಿಂದ ಆ ಋತುವಿನಲ್ಲಿ ಕಠಿಣ ವ್ಯಾಯಾಮವೂ ಬಿಸಿಲೂ ವರ್ಜ್ಯ. ಮಿತಿ ಮೀರಿದ ವ್ಯಾಯಾಮದಿಂದ ತೃಷ್ಣೆ, ಕ್ಷಯ, ಶ್ವಾಸದ ಬಾಧೆ, ರಕ್ತಪಿತ್ತ, ಬಳಲಿಕೆ, ಕೆಮ್ಮು, ಜ್ವರ, ವಾಂತಿ ಉಂಟಾಗುತ್ತವೆ. ಆನೆಯನ್ನು ಎಳೆಯಹೋದ ಸಿಂಹವು ತಾನೇ ನಾಶವಾಗುವಂತೆ ಅತಿ ಸಾಹಸಿಯೂ ಕೆಡುತ್ತಾನೆಂದು ಅವರು ಎಚ್ಚರಿಸಿದ್ದಾರೆ.

ಅರ್ಧಬಲವನ್ನು ಗುರುತಿಸುವುದು ಹೇಗೆ? ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು, ಉಸಿರನ್ನು ಬಾಯಿಂದ ಬಿಡತೊಡಗುವುದು: ಇವು ಲಕ್ಷಣಗಳು. ಸ್ಪರ್ಧೆಗೆ ಸಿದ್ಧರಾಗುವವರು ಕೆಲವೊಮ್ಮೆ ಈ ಗೆರೆಯನ್ನು ದಾಟಬೇಕಾದೀತು. ಆದರೆ ಅದನ್ನು ತಂಪು ಹೊತ್ತಿನಲ್ಲಿ, ಜೊತೆಗಾರರೊಂದಿಗೆ, ದಿನದಿನವೂ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಮಾಡಬೇಕು. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನಗಳಾದರೂ ಬೇಕು.

ಪಾಲಿಸಬೇಕಾದ ನಿಯಮಗಳು

ಸೂರ್ಯೋದಯದ ಆಸುಪಾಸಿನಲ್ಲಿ ಓಡುವುದು ಉತ್ತಮ. ಬೇಸಗೆಯಲ್ಲಿ ಮುಂಜಾನೆ ಎಂಟರ ನಂತರ ಓಟ ಬೇಡ. ಉಂಡ ಕೂಡಲೇ, ನಿದ್ದೆಗೆಟ್ಟ ಮರುದಿನ, ಜ್ವರ ಅಥವಾ ಭೇದಿಯಿಂದ ಎದ್ದ ವಾರದಲ್ಲಿ ಓಡಬಾರದು. ಮದ್ಯಪಾನದ ಮರುದಿನವಂತೂ ಸರ್ವಥಾ ಸಲ್ಲದು. ತೂಕ ಇಳಿಸಲೆಂದು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡೋ ದಪ್ಪ ಅಂಗಿ ತೊಟ್ಟೋ ಓಡುವುದು ಆತ್ಮಘಾತುಕ. ಅದರಿಂದ ಇಳಿಯುವುದು ಕೊಬ್ಬಲ್ಲ, ನೀರು.

ಓಟದ ಮೊದಲೂ ನಂತರವೂ ನೀರು ಕುಡಿಯಿರಿ. ಉಪ್ಪು ಬೆರೆಸಿದ ತಿಳಿಮಜ್ಜಿಗೆ, ಜೋಳದ ಅಂಬಲಿ, ಬೆಲ್ಲ ಮತ್ತು ಚಿಟಿಕೆ ಉಪ್ಪಿನ ನಿಂಬೆ ಪಾನಕ ನಮ್ಮ ಮನೆಗಳಲ್ಲಿಯೇ ಸಿಗುವ ಉತ್ತಮ ಪೇಯಗಳು. ಬರೀ ನೀರನ್ನೇ ಚೆಂಬುಗಟ್ಟಲೆ ಸುರಿದುಕೊಳ್ಳುವುದೂ ಹಿತವಲ್ಲ. ರಕ್ತದಲ್ಲಿನ ಉಪ್ಪಿನ ಅಂಶ ಕುಗ್ಗುತ್ತದೆ. ಮೂತ್ರ ಕಡುಹಳದಿಯಾಗಿದ್ದರೆ ದೇಹಕ್ಕೆ ನೀರು ಸಾಲದೆಂದು ತಿಳಿಯಿರಿ. ರಕ್ತದೊತ್ತಡ, ಹೃದ್ರೋಗ, ಮಧುಮೇಹ ಉಳ್ಳವರು ಉಪ್ಪು ಬೆಲ್ಲಗಳ ವಿಷಯದಲ್ಲಿ ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು.

ಒಬ್ಬರು ಕುಸಿದಾಗ

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡೊಡನೆ ಓಟ ನಿಲ್ಲಿಸಿ ನೆರಳಿಗೆ ಬನ್ನಿ. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬಂದರೆ ಅದು ತುರ್ತು ಸ್ಥಿತಿ. ಕೂಡಲೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯದೆ ಮೈ ತಣಿಸಿ: ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ತಣ್ಣೀರು ಸುರಿಯಿರಿ, ಬಿಡದೆ ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಒದ್ದೆ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಹೊಲದ ಪಂಪ್‌ಸೆಟ್ಟಿನ ನೀರು ಹತ್ತಿರವಿದ್ದರೆ ಅದಕ್ಕಿಂತ ಉತ್ತಮ ಔಷಧ ಆ ಕ್ಷಣಕ್ಕೆ ಇನ್ನೊಂದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಚೂರ್ಣ, ಕಷಾಯ ಹುಡುಕುತ್ತ, ಈರುಳ್ಳಿ ಮೂಸಿಸುತ್ತ ಹೊತ್ತು ಕಳೆಯಬೇಡಿ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಒತ್ತಿ ಹೇಳುತ್ತಿದ್ದೇವೆ. ಆಗ ಮುಖ್ಯವಾದುದು ತಣಿಸುವುದು ಮತ್ತು ಆಸ್ಪತ್ರೆಗೆ ಸಾಗಿಸುವುದು.

ಹಿರಿಯರಲ್ಲಿ ಒಂದು ವಿನಂತಿ. ಮಗ ಓಟದ ನಡುವೆ ನಿಂತು ಬಂದರೆ ಅವನನ್ನು ಹೀಯಾಳಿಸಬೇಡಿ. ಊರ ಸ್ಪರ್ಧೆಗಳನ್ನು ಏರ್ಪಡಿಸುವವರು ಓಟವನ್ನು ಮುಂಜಾನೆಗೆ ಇಡಲಿ, ದಾರಿಯಲ್ಲಿ ನೆರಳು, ನೀರು ಮತ್ತು ತಿಳಿವಳಿಕೆಯುಳ್ಳ ಇಬ್ಬರನ್ನು ಇರಿಸಲಿ. ಹೊಲದಲ್ಲಿ ಕಳೆ ತೆಗೆಯುವ ತಾಯಂದಿರಿಗೂ ಗೋವಿನಜೋಳದ ಚೀಲ ಹೊರುವ ಹಮಾಲರಿಗೂ ಇವೇ ನಿಯಮಗಳು ಅನ್ವಯಿಸುತ್ತವೆ. ಇಂದು ಅರ್ಧದಲ್ಲಿ ನಿಂತವನು ನಾಳೆ ಮತ್ತೆ ಓಡಬಲ್ಲನು.